ಜಗಲಿಯ ಮೇಲೆ ಕುಳಿತ ದಂಡು

ಆಟದೊಳಗಿನ ಮಂದಿಗೆ ನಮ್ಮ ಹಾಗೆ ಬಾಳುವುದು ಗೊತ್ತಾದರೆ ಏನಾದೀತು? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನಾನೇ. ಕೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ಜನಕ್ಕೆ ಒಳ್ಳೆಯದಾಗುತ್ತಿತ್ತು, ಆದರೆ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೈಸೂರಿನ ಹೂಟಗಳ್ಳಿಯಲ್ಲಿದ್ದ ನಮ್ಮ ಕಂಪನಿಯ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ವರ್ಷದ ಮೇಲೆ ಅದೇ ಕೋಣೆಯ ಕುರ್ಚಿ ಮೇಜುಗಳನ್ನು ಲಾರಿಗೆ ಏರಿಸುವಾಗ ಬಾಗಿಲು ಹಿಡಿದು ನಿಂತವಳೂ ನಾನೇ.

ಈಗಿನವರಿಗೆ ‘ದಂಡು’ ಅಂದರೆ ಏನೆಂದೇ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ಅದೊಂದು ವಿಡಿಯೋ ಗೇಮ್. ಒಂದಲ್ಲ, ಒಂದಾದ ಮೇಲೊಂದರಂತೆ ಐದು ಬಂದವು. ಚದುರಂಗದಲ್ಲಾದರೆ ನಿಮ್ಮ ಸರದಿ ಬರುವವರೆಗೆ ಕಾಯಬಹುದು, ನಡುವೆ ಎದ್ದು ಹೋಗಿ ಕಾಫಿ ಕುಡಿದು ಬರಬಹುದು. ದಂಡಿನಲ್ಲಿ ಗಡಿಯಾರ ನಿಲ್ಲುತ್ತಿರಲಿಲ್ಲ. ನಿಮ್ಮ ಮಂದಿ ಮರ ಕಡಿಯುತ್ತಿರುವಾಗಲೇ ಎದುರಾಳಿಯ ಮಂದಿ ಕಲ್ಲು ಹೊರುತ್ತಿರುತ್ತಾರೆ, ನೀವು ಗೋಡೆ ಎಬ್ಬಿಸುವಷ್ಟರಲ್ಲಿ ಅವರ ಕುದುರೆಗಳು ಹಳ್ಳ ದಾಟಿರುತ್ತವೆ. ಮೇಜಿನ ಮೇಲೆ ಬೆಳಕಿನ ಹಲಗೆಯನ್ನು ಹಾಸಿದರೆ ಸಾಕು, ಅದರ ಮೇಲೆ ಗೇಣೆತ್ತರದ ಬೆಟ್ಟಗಳು, ಕಡ್ಡಿಯಂಥ ತೆಂಗಿನ ಮರಗಳು, ಹೆಬ್ಬೆರಳಿನಷ್ಟು ಮನುಷ್ಯರು ಏಳುತ್ತಿದ್ದರು. ಕೈ ಬೀಸಿ ಅವರನ್ನು ಕಳಿಸಬೇಕು, ಕೈ ಮಡಿಸಿ ವಾಪಸ್ ಕರೆಯಬೇಕು. ಎದುರಾಳಿಯ ಕೋಟೆ ಬಿದ್ದರೆ ಅಥವಾ ಒಬ್ಬರು ತಾವಾಗಿ ಸೋಲೊಪ್ಪಿದರೆ ಮಾತ್ರ ಯುದ್ಧ ಮುಗಿಯಿತು. ಮೂರನೆಯ ದಂಡು ಬಂದ ವರ್ಷ ಮದುವೆ ಛತ್ರಗಳಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಹಲಗೆ ಹಾಸಿಕೊಂಡು ಕೂತುಬಿಡುತ್ತಿದ್ದರು, ಮುಹೂರ್ತಕ್ಕೆ ಮದುಮಗನನ್ನು ಹುಡುಕಿ ಎಬ್ಬಿಸಿ ತರಬೇಕಾಗುತ್ತಿತ್ತು. ಅಂಥ ಕಾಲ ಅದು.

ಆ ಕಾಲದ ರಾಜ ನನ್ನ ಅಣ್ಣ ಲೋಹಿತ್. ಇಟ್ಟಿಗೆಗೂಡು ಲೋಹಿತ್ ಅಂದರೆ ಜಪಾನಿನ ಹುಡುಗರಿಗೂ ಗೊತ್ತಿತ್ತು. ಅವನ ಹತ್ತು ಬೆರಳು ಹಲಗೆಯ ಮೇಲೆ ಓಡಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ತಂಗಿ ಆಟ ತಯಾರಿಸುವುದು, ಅಣ್ಣ ಆಡಿ ಗೆಲ್ಲುವುದು, ಇದು ಮೋಸವಲ್ಲವೇ ಎಂದು ಕೆಲವರು ಮುಖ ಸಿಂಡರಿಸಿದ್ದೂ ಉಂಟು. ಅವರಿಗೇನು ಗೊತ್ತು! ನಾನು ಒಂದು ಸಲವಾದರೂ ಅವನಿಗೆ ಒಳಗುಟ್ಟು ಹೇಳಿದ್ದರೆ ಕೇಳಿ.

ಐದನೆಯ ದಂಡಿನಲ್ಲಿ ಮಂದಿ ತಾವಾಗಿ ಬಾಳುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಹಳೆಯ ಆಟಗಳಲ್ಲಿ ಅವರು ಬರೀ ಗೊಂಬೆಗಳು, ಅಪ್ಪಣೆ ಕೊಟ್ಟರೆ ನಡೆಯುತ್ತಿದ್ದರು, ಇಲ್ಲದಿದ್ದರೆ ಕಂಬದ ಹಾಗೆ ನಿಲ್ಲುತ್ತಿದ್ದರು. ಹೊಸ ಆಟದ ಮಂದಿಗೆ ನಾವು ಕಲಿಯುವ ಬುದ್ಧಿ ಕೊಟ್ಟೆವು. ಕಲಿಯಲು ಪಾಠ ಬೇಕಲ್ಲ? ನಾನೂ ಇಬ್ಬರು ಕ್ಯಾಮೆರಾದವರೂ ಒಂದೂವರೆ ವರ್ಷ ಗುಂಡ್ಲುಪೇಟೆ, ಕೊಳ್ಳೇಗಾಲ, ನಾಗಮಂಗಲ, ಕೆ.ಆರ್. ನಗರ ಅಂತ ಸುತ್ತಿ ಆರುನೂರ ನಲವತ್ತು ಮನೆಗಳ ದಿನಚರಿಯನ್ನು ಚಿತ್ರೀಕರಿಸಿಕೊಂಡು ಬಂದೆವು. ಹಿಟ್ಟು ಕಲಸುವುದು, ಸೌದೆ ಒಟ್ಟುವುದು, ಜಗಳವಾಡಿ ಮತ್ತೆ ಮಾತಾಡುವುದು, ಎಲ್ಲ. ಪ್ರತಿ ಮನೆಯಲ್ಲೂ, “ನಾವು ಇಲ್ಲವೇ ಇಲ್ಲ ಅಂದ್ಕೊಂಡು ನಿಮ್ಮ ಪಾಡಿಗೆ ನೀವಿರಿ,” ಎಂದು ಕೇಳಿಕೊಳ್ಳುತ್ತಿದ್ದೆ. ಆಮೇಲೆ ಆಫೀಸಿಗೆ ಬಂದು, ಚಿತ್ರದಲ್ಲಿ ಎಲ್ಲೆಲ್ಲಿ ನಾವು ಮೂವರು ಕಾಣುತ್ತಿದ್ದೆವೋ ಅಲ್ಲೆಲ್ಲ ನಮ್ಮನ್ನು ಅಳಿಸಿಹಾಕಿದೆ. ಅಚ್ಚುಕಟ್ಟಾಗಿ ಕೆಲಸ ಮಾಡಿದೆ ಎಂದು ಬೀಗಿದ್ದೆ.

ತಪ್ಪು ನಡೆದದ್ದು ಅಲ್ಲೇ. ನಾವು ಇಲ್ಲವೆಂದುಕೊಳ್ಳಲು ಒಂದು ಮನೆಯವರಿಗೂ ಆಗಿರಲಿಲ್ಲ. ಹೊಸಬರು ಬಾಗಿಲಿಗೆ ಬಂದಿದ್ದಾರೆ, ಬಿಸಿಲಲ್ಲಿ ಬಂದಿದ್ದಾರೆ, ಅವರನ್ನು ಜಗಲಿಯ ಮೇಲೆ ಕೂರಿಸಿ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಡದೆ ಹೇಗಿರುತ್ತಾರೆ? ಆರುನೂರ ನಲವತ್ತು ಮನೆಯಲ್ಲೂ ಕೊಟ್ಟಿದ್ದರು. ನಾವು ಕುಡಿದು ಕ್ಯಾಮೆರಾ ಹಚ್ಚುತ್ತಿದ್ದೆವು. ಅದು ನಮಗೆ ಎಷ್ಟು ಸಹಜವಾಗಿತ್ತೆಂದರೆ ಅದೂ ಒಂದು ಪಾಠವೆಂದು ಹೊಳೆಯಲೇ ಇಲ್ಲ. ನನ್ನನ್ನು ಅಳಿಸಿದೆ, ನನ್ನ ಕಡೆ ಚಾಚಿದ ಚೊಂಬನ್ನು ಅಳಿಸಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಐದನೆಯ ದಂಡು ಬಿಡುಗಡೆಯಾದ ತಿಂಗಳೇ, ಹೈದರಾಬಾದಿನಲ್ಲಿ ದೊಡ್ಡ ಪಂದ್ಯದ ಫೈನಲ್. ಅಣ್ಣನ ಎದುರಿಗೆ ತಿರುಚ್ಚಿಯ ಅಮುದಾ ಎಂಬ ಹುಡುಗಿ. ನಲವತ್ತು ನಿಮಿಷದಲ್ಲಿ ಅಣ್ಣ ಅವಳ ಕಂದಕ ದಾಟಿದ, ಹೊರಗೋಡೆ ಮುರಿದ, ನಲವತ್ತೆಂಟು ಸೈನಿಕರನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದ. ಇಪ್ಪತ್ತು ಸಾವಿರ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬಾಗಿಲು ತಾನಾಗಿ ತೆರೆಯಿತು. ಒಳಗಿಂದ ಹೆಂಗಸರೂ ಗಂಡಸರೂ ಚೊಂಬು ಹಿಡಿದು ಬಂದು ಅಣ್ಣನ ಸೈನಿಕರಿಗೆ ಜಗಲಿ ತೋರಿಸಿದರು. ಆಯುಧ ಹಿಡಿಯದ ಊರ ಮಂದಿಯ ಮೇಲೆ ಸೈನಿಕರು ಕೈ ಎತ್ತಬಾರದು ಎಂಬುದು ಮೊದಲ ದಂಡಿನಿಂದ ಬಂದ ನಿಯಮ. ಅಣ್ಣ ಹಲಗೆಯ ಮೇಲೆ ಕೈ ಬೀಸಿದ, ಬೀಸಿದ, ಬೀಸುತ್ತಲೇ ಇದ್ದ. ಸೈನಿಕರು ಕಕ್ಕಾಬಿಕ್ಕಿಯಾಗಿ ಸುತ್ತಮುತ್ತ ನೋಡಿ, ಕೊನೆಗೆ ಒಬ್ಬೊಬ್ಬರಾಗಿ ಕೂತರು. ಇಪ್ಪತ್ತು ಸಾವಿರ ಜನ ಗೊಳ್ಳೆಂದು ನಕ್ಕರು. ಪಂದ್ಯವನ್ನು ‘ಮುಗಿದಿಲ್ಲ’ ಎಂದು ಬರೆದುಕೊಂಡರು.

ಆಮೇಲೆ ಇಳಿಜಾರು ಶುರುವಾಯಿತು. ಯಾವ ಯುದ್ಧವೂ ಮುಗಿಯುತ್ತಿರಲಿಲ್ಲ. ಆಟಗಾರರು ಸಿಟ್ಟಿಗೆದ್ದರು. ನಾವು ಹೊಸ ಪಂದ್ಯಗಳಲ್ಲಿ ಉಪಚಾರದ ಪಾಠವನ್ನು ಕಿತ್ತು ನೋಡಿದೆವು. ಆಗ ಮಂದಿ ಮತ್ತೆ ಗೊಂಬೆಗಳಾದರು, ಅದನ್ನು ಕಂಡು ಜನ ಇನ್ನೂ ಬೇಸರಪಟ್ಟರು. ವಾಪಸ್ ಹಾಕಿದೆವು. ಇದ್ದರೆ ಯುದ್ಧವಿಲ್ಲ, ಇಲ್ಲದಿದ್ದರೆ ಜೀವವಿಲ್ಲ. ವರ್ಷ ಕಳೆದಂತೆ ಒಬ್ಬೊಬ್ಬರೇ ಬಿಟ್ಟುಹೋದರು. ಕಂಪನಿ ಕೈ ಬದಲಾಯಿತು, ಕಟ್ಟಡ ಹೋಯಿತು, ಕೊನೆಗೆ ಎರಡು ಕೋಣೆ, ಸರ್ವರುಗಳು, ಅವನ್ನು ಕಾಯಲು ನಾನೊಬ್ಬಳು ಉಳಿದೆವು. ತಪ್ಪು ಹೇಗಾಯಿತು, ಯಾರಿಂದಾಯಿತು ಎಂಬುದು ಕಂಪನಿಯಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಅಣ್ಣನಿಗೆ ನಾನು ಹೇಳಲಿಲ್ಲ. ಹೇಗೆ ಹೇಳಲಿ? ಅವತ್ತಿನ ನಗು ಅವನ ಕಿವಿಯಿಂದ ಹೋಗಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಕಂಟ್ರೋಲ್ ರೂಮಿನ ತಂಪಿನಲ್ಲಿ ಕೂತು, ಆಟಗಾರರು ಬಿಟ್ಟುಹೋದ ಆ ನಾಡುಗಳನ್ನು ನೋಡುವುದು ನನಗೊಂದು ಚಟವಾಗಿತ್ತು. ಅರ್ಧ ತೂಕಡಿಕೆ, ಅರ್ಧ ಎಚ್ಚರ. ಹಲಗೆಯ ಮೇಲೆ ಅವರ ಬಿಸಿಲು ಬಿದ್ದಿರುತ್ತಿತ್ತು, ನಮ್ಮ ಬಿಸಿಲಿಗಿಂತ ಸ್ವಲ್ಪ ಹಳದಿ. ಅಪ್ಪಣೆ ಕೊಡುವವರಿಲ್ಲದೆ ಮರ ಕಡಿಯುವವರು ಕಡಿದು ಕಡಿದು ಸಾಕಾಗಿ, ಕಡಿದ ಜಾಗದಲ್ಲೇ ಸಸಿ ನೆಟ್ಟಿದ್ದರು. ಬುರುಜಿನ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಫಿರಂಗಿಯ ಬಾಯೊಳಗೆ ಗುಬ್ಬಿಗಳು ಗೂಡು ಕಟ್ಟಿದ್ದವು. ಎರಡು ಶತ್ರುರಾಜ್ಯಗಳ ನಡುವಿನ ಹಳ್ಳಕ್ಕೆ ಎರಡೂ ಕಡೆಯವರು ಸೇರಿ ಕಲ್ಲುಸಂಕ ಹಾಕಿಕೊಂಡಿದ್ದರು, ಮಧ್ಯದ ಕಲ್ಲಿನ ಮೇಲೆ ಒಬ್ಬ ಮುದುಕ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. ಅವನು ಯಾರ ಕಡೆಯವನು ಅಂತ ಪಟ್ಟಿಯಲ್ಲಿ ನೋಡಬಹುದಿತ್ತು, ನಾನು ಯಾವತ್ತೂ ನೋಡಲಿಲ್ಲ. ನನಗೆ ಆ ನಾಡಿನ ಮೇಲೆ ಪ್ರೀತಿಯಿತ್ತು. ನನ್ನ ತಪ್ಪಿನ ಮೇಲೆ ನನಗೇ ಪ್ರೀತಿ ಅಂದರೆ ನಗಬೇಡಿ.

ಹೀಗೆ ನೋಡುತ್ತಿರುವಾಗ ದಿನವೂ ಎರಡು ಗಂಟೆಗೆ ಒಂದು ಮೂಲೆಯಲ್ಲಿ ಧೂಳೇಳುತ್ತಿತ್ತು. ಅಣ್ಣ ಮನೆಯ ಹಲಗೆಯ ಮುಂದೆ ಬಂದು ಕೂತ ಗುರುತು. ಬೆಳಿಗ್ಗೆ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿ, ಊಟ ಮಾಡಿ, ಎರಡರಿಂದ ನಾಲ್ಕರವರೆಗೆ ಅದೇ ಮುಗಿಯದ ಫೈನಲ್ಲನ್ನು ಆಡುತ್ತಿದ್ದ. ಅಮುದಾ ಆಟ ಬಿಟ್ಟು ಯಾವ ಕಾಲವಾಗಿತ್ತೋ. ಅವಳ ಕೋಟೆಯನ್ನು ಅವಳ ಮಂದಿಯೇ ನೋಡಿಕೊಳ್ಳುತ್ತಿದ್ದರು. ನಲವತ್ತೆಂಟು ಸೈನಿಕರು ಹೋಗುವುದು, ಬಾಗಿಲು ತೆರೆಯುವುದು, ನೀರು, ಬೆಲ್ಲ, ಜಗಲಿ, ವಾಪಸ್. ಎಡದಿಂದ ಹೋಗಿ ನೋಡಿದ, ಮಳೆಯಲ್ಲಿ ಹೋಗಿ ನೋಡಿದ, ಸುರಂಗ ತೋಡಿಸಿದ. ಸುರಂಗದ ಆ ತುದಿಯಲ್ಲೂ ಒಬ್ಬಾಕೆ ಚೊಂಬು ಹಿಡಿದು ಕಾದಿದ್ದಳು.

ಸೋಮವಾರ ಮೇಲಿನವರ ಪತ್ರ ಬಂತು. ಬರುವ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ದಂಡಿನ ಸರ್ವರುಗಳನ್ನು ಶಾಶ್ವತವಾಗಿ ನಿಲ್ಲಿಸತಕ್ಕದ್ದು. ಇಡೀ ಜಗತ್ತಿನಲ್ಲಿ ಉಳಿದಿದ್ದ ಆಟಗಾರರ ಸಂಖ್ಯೆಯನ್ನೂ ಬರೆದಿದ್ದರು. ಒಂದು.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ನಮ್ಮದು ಮೃಗಾಲಯದ ಬೆನ್ನಿಗಿರುವ ಮನೆ, ಕೆಳಗೆ ಅಣ್ಣ ಅತ್ತಿಗೆ, ಮೇಲೆ ನಾನು, ಊಟ ಒಟ್ಟಿಗೆ. ಅಲ್ಲಿ ಸಿಂಹ ಗುಡುಗಿದಾಗಲೆಲ್ಲ ಹೇಮಾ ಅತ್ತಿಗೆ, “ಇವರ ಸ್ನೇಹಿತ ಕರೀತಿದಾನೆ,” ಅನ್ನುತ್ತಾರೆ. ಅವತ್ತು ಸಿಂಹ ಗುಡುಗಿದಾಗ ಅತ್ತಿಗೆ ಅಣ್ಣನ ಮುಖ ನೋಡುತ್ತಿದ್ದರು.

“ಶುಕ್ರವಾರ ಅಂದ್ರೆ ಇನ್ನು ನಾಲ್ಕೇ ದಿನ,” ಅಂದ ಅಣ್ಣ. ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ. “ನಾಲ್ಕು ದಿನದಲ್ಲಿ ಆ ಬಾಗಿಲು ಬೀಳಲ್ಲ ಕಣೇ ಸಿಂಚು.”

“ಬಿಡಿ ಅತ್ಲಾಗೆ,” ಅಂದರು ಅತ್ತಿಗೆ. “ಒಂದು ಆಟ. ಇಷ್ಟು ವರ್ಷ ಆಡಿದ್ರಲ್ಲ, ಸಾಲ್ದಾ?”

“ಆಟ ಅಲ್ವೇ ಅದು. ಆವತ್ತು ನಕ್ಕರಲ್ಲ, ಅಲ್ಲೇ ನಿಂತುಬಿಟ್ಟಿದೀನಿ ನಾನು. ಮುಗಿಸದೆ ಎದ್ದು ಬಂದ್ರೆ ನಾನು ಯಾರು? ಕ್ಲಚ್ ಒತ್ತು ಬ್ರೇಕ್ ಒತ್ತು ಅಂತ ಬಡಕೊಳ್ಳೋ ಮೇಷ್ಟ್ರು, ಅಷ್ಟೇ.” ಕಲಸಿದ ಅನ್ನವನ್ನು ತಟ್ಟೆಯಂಚಿಗೆ ಸರಿಸಿದ. “ಒಂದು ಸಲ, ಒಂದೇ ಒಂದು ಸಲ ಆ ಕೋಟೆ ಬಾವುಟ ಇಳಿಸಿಬಿಟ್ರೆ ಸಾಕಾಗಿತ್ತು.”

ನನಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಬಂತು. ಮನೆಗಳು, ಕ್ಯಾಮೆರಾ, ಅಳಿಸಿದ್ದು, ಅಳಿಸದೆ ಬಿಟ್ಟದ್ದು. ಎಲ್ಲ ಹೇಳಿ, “ನನ್ನಿಂದಾನೇ ಅಣ್ಣ ಅದು. ಹೊಟ್ಟೆಗೆ ಹಾಕ್ಕೋ,” ಅಂದೆ.

ಅವನು ತಟ್ಟೆಯಲ್ಲೇ ಕೈ ತೊಳೆದ. “ಹನ್ನೊಂದು ವರ್ಷ ಎದುರಿಗೆ ಕೂತು ಊಟ ಮಾಡಿದೀಯ. ನಾನು ಹುಚ್ಚನ ಹಾಗೆ ಸುರಂಗ ತೋಡ್ತಿದ್ರೆ ನೋಡಿದೀಯ. ನಿಂಗೆ ಒಂದು ದಿನವೂ ಹೇಳೋಣ ಅನ್ನಿಸಲಿಲ್ವಾ?”

“ದಿನಾ ಅನ್ನಿಸ್ತು. ಭಯ ಆಯ್ತು.”

“ಭಯ ಆಯ್ತಂತೆ! ಲೋಕಕ್ಕೆಲ್ಲಾ ಬಾಯಿ, ಅಣ್ಣನ ಹತ್ರ ಭಯ!” ಎಂದು ಎದ್ದುಹೋದವನು ಬಾಗಿಲಲ್ಲಿ ನಿಂತ. “ತೆಗೀಬಹುದಾ ಅದನ್ನ? ಆ ಪಾಠಾನ?”

“ಅಮುದಾನ ಕೋಟೆಯವರಿಂದ ಮಾತ್ರ ತೆಗೀಬಹುದು. ತೆಗೆದರೆ ಅವರು ಹಳೇ ಕಾಲದ ಹಾಗೆ ಆಯುಧ ಹಿಡೀತಾರೆ. ಆಗ ನಿನ್ನವರು ಹೊಡೀಬಹುದು. ಮೇಲಿನವರಿಗೆ ಗೊತ್ತಾದ್ರೆ ನನ್ನ ಗತಿ ಅಷ್ಟೇ, ಆದ್ರೂ ತೆಗೀತೀನಿ.”

“ಹಾಗಾದ್ರೆ ತೆಗಿ,” ಅಂದ. “ಅಷ್ಟಾದ್ರೂ ಮಾಡು.”

ಮಂಗಳವಾರ, ಬುಧವಾರ, ಗುರುವಾರ ಅವನು ನನ್ನ ಹತ್ತಿರ ಮಾತಾಡಲಿಲ್ಲ. ಅತ್ತಿಗೆಯೇ ನಮ್ಮಿಬ್ಬರ ನಡುವೆ ಸಾರಿನ ಪಾತ್ರೆಯನ್ನೂ ಮಾತನ್ನೂ ದಾಟಿಸಿದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅವನು ಕಂಟ್ರೋಲ್ ರೂಮಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಫೈನಲ್ಲಿಗೆ ಹೋಗುವವನ ಹಾಗೆ. ನಮ್ಮ ದೊಡ್ಡ ಹಲಗೆಯನ್ನು ನೆಲದ ತುಂಬ ಹಾಸಿಟ್ಟಿದ್ದೆ. ಎದ್ದ ನಾಡಿನ ನಡುವೆ ಅವನು ಮಂಡಿಯೂರಿ ಕೂತ, ಬೆಟ್ಟಗಳು ಅವನ ಎದೆಗೆ ಬಂದವು. ಅಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ. “ಎಷ್ಟೊಂದು ಹಸಿರಾಗಿದೆಯಲ್ಲೇ,” ಅಂದ. ನಾಲ್ಕು ದಿನದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ನಾನು ಅಮುದಾಳ ಕೋಟೆಯ ಮಂದಿಯಿಂದ ಪಾಠವನ್ನು ಕಿತ್ತೆ. ಬಾವಿಕಟ್ಟೆಯ ಹತ್ತಿರ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಬುರುಜಿನ ಮೇಲೆ ಬಿಲ್ಲುಗಾರರು ಸಾಲಾಗಿ ನಿಂತರು, ಎಲ್ಲರ ಮೊಣಕೈಯೂ ಒಂದೇ ಕೋನದಲ್ಲಿ. “ಆಯ್ತು ಅಣ್ಣ, ಹೊರಡು,” ಅಂದೆ.

ಅವನ ಬೆರಳುಗಳು ಎದ್ದವು. ಅಬ್ಬಾ, ಹಳೆಯ ಲೋಹಿತ್! ಕುದುರೆಗಳು ಎಡಕ್ಕೆ, ಕಾಲಾಳುಗಳು ಬಲಕ್ಕೆ, ಹಳ್ಳ, ಕಂದಕ, ಗೋಡೆ. ಮೂರೂ ಮುಕ್ಕಾಲಿಗೆ ನಲವತ್ತೆಂಟು ಜನ ಬಾಗಿಲ ಮುಂದಿದ್ದರು. ಬಾಗಿಲು ತೆರೆಯಲಿಲ್ಲ. ಅಣ್ಣ ಬಲಗೈ ಬೀಸಿದ. ಹೊಡೆಯಿರಿ ಅಂತ.

ಅವರು ಹೊಡೆಯಲಿಲ್ಲ. ಚಪ್ಪಲಿ ಬಿಟ್ಟರು. ಬಾಗಿಲ ಪಕ್ಕದ ಜಗಲಿಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಕತ್ತಿಗಳನ್ನು ಗೋಡೆಗೆ ಒರಗಿಸಿ, ಬಾಗಿಲ ಕಡೆ ನೋಡುತ್ತಾ ಕಾದರು.

“ಏನೇ ಇದು? ನನ್ನವರಿಂದಾನೂ ತೆಗಿ!”

“ನಿನ್ನವರಿಗೆ ನಾವು ಇದನ್ನ ಕಲಿಸಿಯೇ ಇಲ್ಲ ಅಣ್ಣ,” ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಗುತ್ತಿತ್ತು. “ಚಿತ್ರದಿಂದ ನೆಂಟರನ್ನ ಅಳಿಸಿಬಿಟ್ಟಿದ್ದೆ. ನೆಂಟರಾಗಿ ಇರೋದು ಹೇಗೆ ಅನ್ನೋ ಪಾಠ ಎಲ್ಲೂ ಇಲ್ಲ. ಇವರು ಹನ್ನೊಂದು ವರ್ಷದಲ್ಲಿ ತಾವೇ ಕಲಿತಿದ್ದು ಇದು. ನಾವು ಹಾಕಿದ್ದನ್ನ ತೆಗೀಬಹುದು, ಅವರಾಗಿ ಕಲಿತಿದ್ದಕ್ಕೆ ಗುಂಡಿ ಇಲ್ಲ.”

ಅಷ್ಟರಲ್ಲಿ ಬುರುಜಿನಿಂದ ಮೊದಲ ಬಾಣಗಳು ಬಂದವು. ತುದಿಯಲ್ಲಿ ಕೂತಿದ್ದ ಇಬ್ಬರು ಪಕ್ಕಕ್ಕೆ ಒರಗಿದರು. ಉಳಿದವರು ಅವರತ್ತ ತಿರುಗಿ ನೋಡಿ, ಮತ್ತೆ ಬಾಗಿಲ ಕಡೆ ನೋಡಿದರು. ಯಾರೂ ಕತ್ತಿಗೆ ಕೈ ಹಾಕಲಿಲ್ಲ. ಮತ್ತೆ ಬಾಣ, ಮತ್ತೆ ನಾಲ್ವರು.

“ವಾಪಸ್ ಕರಿ ಅಣ್ಣ!”

“ಕರೀತಾನೇ ಇದೀನಿ ಕಣೇ, ಏಳ್ತಾ ಇಲ್ಲ! ಒಳಗಿಂದ ನೀರು ಬರದೆ ಎದ್ದು ಹೋಗಲ್ಲ ಇವರು.” ಅವನು ಎರಡೂ ಕೈ ಮಡಿಸಿ ಮಡಿಸಿ ಕರೆಯುತ್ತಿದ್ದ. “ಪಾಠ ವಾಪಸ್ ಹಾಕು, ಬೇಗ ಹಾಕು!”

“ಹಾಕೋಕೆ ಆರು ನಿಮಿಷ ಬೇಕು. ಅಷ್ಟರಲ್ಲಿ ಒಬ್ಬರೂ ಉಳಿಯಲ್ಲ.”

ಬಾಣಗಳು ಬೀಳುತ್ತಲೇ ಇದ್ದವು, ಇನ್ನೂ ಹನ್ನೊಂದು ಜನ ಒರಗಿದರು. ಹನ್ನೊಂದು ವರ್ಷದ ಛಲ ಅಣ್ಣನ ಮುಖದ ಮೇಲೆ ಬಂದು ನಿಂತದ್ದು ನನಗೆ ಕಂಡಿತು. ಆಮೇಲೆ ಅವನು ಬಗ್ಗಿ, ತನ್ನ ಕಡೆಯ ಬೆಟ್ಟದ ಮೇಲಿದ್ದ ತನ್ನದೇ ಬಾವುಟವನ್ನು ಎರಡು ಬೆರಳಿನಿಂದ ಹಿಡಿದು ಕೆಳಗಿಳಿಸಿದ. ದಂಡಿನಲ್ಲಿ ಸೋಲೊಪ್ಪುವುದು ಹಾಗೆ. ಬಾಣಗಳು ನಿಂತವು. ಹಲಗೆಯ ಮೇಲೆ ಅಕ್ಷರಗಳು ಮೂಡಿದವು: ಪಂದ್ಯ ಮುಗಿಯಿತು, ಗೆದ್ದವರು ಅಮುದಾ.

ನಾನು ಅಳುತ್ತಿದ್ದೆ. “ಯಾಕಣ್ಣ? ಸುಮ್ಮನಿದ್ದಿದ್ರೆ ‘ಮುಗಿದಿಲ್ಲ’ ಅಂತಾನೇ ಉಳೀತಿತ್ತು. ನಾಲ್ಕು ಗಂಟೆಗೆ ಹೇಗೂ ಎಲ್ಲಾ ಆರಿಹೋಗುತ್ತೆ, ಇವರೂ ಹೋಗ್ತಾರೆ.”

“ಗೊತ್ತು ಕಣೇ.” ಅವನು ಗಡಿಯಾರ ನೋಡಿದ. “ಹನ್ನೊಂದು ನಿಮಿಷ ಇದೆಯಲ್ಲ ಇನ್ನೂ. ಪಾಠ ವಾಪಸ್ ಹಾಕು. ಬಿಸಿಲಲ್ಲಿ ಕೂತಿದಾರೆ.”

ನನ್ನ ಕೈ ಇಷ್ಟು ಬೇಗ ಯಾವತ್ತೂ ಓಡಿರಲಿಲ್ಲ. ಆರು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅಣ್ಣ ಜಗಲಿಯ ಮೇಲೆ ತನ್ನ ಅಂಗೈಯನ್ನು ಕೊಡೆಯ ಹಾಗೆ ಅಡ್ಡ ಹಿಡಿದಿದ್ದ. ಅದರ ನೆರಳು ಅವರ ಮೇಲೆ ಬೀಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಬುರುಜಿನ ಮೇಲಿನ ಬಿಲ್ಲುಗಾರರ ಮೊಣಕೈಗಳು ಸಡಿಲಾದವು. ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು. ಕೋಟೆಯ ಬಾಗಿಲು ತೆರೆದು ಒಳಗಿನವರು ಸಾಲಾಗಿ ಬಂದರು. ಎಂದಿನಂತೆ ನಲವತ್ತೆಂಟು ಚೊಂಬು ತಂದಿದ್ದರು. ಮೂವತ್ತೊಂದು ಜನ ಕೈ ಚಾಚಿದರು. ಉಳಿದ ಹದಿನೇಳು ಚೊಂಬುಗಳನ್ನು ಸಾಲಿನ ಮುಂದಿದ್ದ ಒಬ್ಬ ಹೆಂಗಸು ಖಾಲಿ ಜಾಗಗಳಲ್ಲಿ ಒಂದೊಂದಾಗಿ ಇಟ್ಟಳು, ಪಕ್ಕದಲ್ಲಿ ಬೆಲ್ಲವನ್ನೂ ಇಟ್ಟಳು. ಬಿದ್ದವರ ಹತ್ತಿರ ಹೋಗಿ ಕೂತು, ಅವರ ಮೇಲೆ ತನ್ನ ಸೆರಗು ಹಾಸಿದಳು. ಇದನ್ನೂ ನಾವು ಯಾರೂ ಕಲಿಸಿರಲಿಲ್ಲ.

ನಾಲ್ಕಕ್ಕೆ ಒಂದು ನಿಮಿಷವಿತ್ತು. ಸೈನಿಕರು ಚೊಂಬೆತ್ತಿ ಗಟಗಟನೆ ಕುಡಿಯುತ್ತಿದ್ದರು, ಬಾಯಾರಿತ್ತು ಪಾಪ. ಅಣ್ಣ ಹಲಗೆಗೆ ಮುಖ ತೀರಾ ಹತ್ತಿರ ತಂದ. ಅವನ ಕೆನ್ನೆಯಿಂದ ಒಂದು ಹನಿ ಅವರ ಹೊಲದೊಳಗೆ ಬಿತ್ತು.

“ನಿಧಾನಕ್ಕೆ ಕುಡೀರಪ್ಪಾ,” ಅಂದ. “ಅವಸರ ಏನಿಲ್ಲ, ನಿಧಾನಕ್ಕೆ ಕುಡೀರಿ.”